ಊರು ಬೇಡವೆಂದರೂ ಡೇಟಾ ಸೆಂಟರ್ ಬಂದದ್ದು ಹೇಗೆ? ಮಿಷಿಗನ್‌ನ ಒಂದು ಟೌನ್‌ಶಿಪ್‌ನ ಅಧಿಕಾರದ ಅಳತೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಸಲೀನ್ ಟೌನ್‌ಶಿಪ್ ಸುಮಾರು 2,300 ಜನರಿರುವ ಬೇಸಾಯದ ಪ್ರದೇಶ. ಅಲ್ಲಿನ ಸುಮಾರು 575 ಎಕರೆ ಕೃಷಿ ಜಮೀನಿನಲ್ಲಿ ಡೇಟಾ ಸೆಂಟರ್ (ಅಪಾರ ಸಂಖ್ಯೆಯ ಕಂಪ್ಯೂಟರ್‌ಗಳನ್ನು ಒಂದೆಡೆ ಇರಿಸಿ ನಡೆಸುವ ಕೇಂದ್ರ) ಕಟ್ಟಲು ಭೂಬಳಕೆ ಬದಲಾವಣೆ ಮಾಡಿಕೊಡಬೇಕೆಂದು ರಿಲೇಟೆಡ್ ಡಿಜಿಟಲ್ ಎಂಬ ಕಂಪನಿ ಕೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಟೌನ್‌ಶಿಪ್‌ನ ಚುನಾಯಿತ ಮಂಡಳಿ ಈ ಬೇಡಿಕೆಯನ್ನು 4–1 ಮತಗಳಿಂದ ತಿರಸ್ಕರಿಸಿತು. ಆದರೆ ಅಕ್ಟೋಬರ್ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಓಪನ್‌ಎಐ ಮತ್ತು ಒರಾಕಲ್ ಎಂಬ ತಂತ್ರಜ್ಞಾನ ಕಂಪನಿಗಳ ಬಳಕೆಗಾಗಿ 1 ಗಿಗಾವ್ಯಾಟ್‌ಗೂ ಹೆಚ್ಚು ಸಾಮರ್ಥ್ಯದ ಕೇಂದ್ರ ಬರಲಿದೆ ಎಂಬ ಪ್ರಕಟಣೆ ಹೊರಬಿತ್ತು. ಡಿಸೆಂಬರ್‌ನಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವೂ ಅದಕ್ಕೆ ಬೇಕಾದ ವಿದ್ಯುತ್ ಒಪ್ಪಂದಗಳಿಗೆ ಸಮ್ಮತಿ ನೀಡಿತು.

ಚುನಾಯಿತ ಮಂಡಳಿ ಬೇಡವೆಂದ ಯೋಜನೆ ಕೆಲವೇ ವಾರಗಳಲ್ಲಿ ಖಚಿತವಾಗಿದ್ದು ಹೇಗೆ ಎಂಬ ಪ್ರಶ್ನೆ ಈ ಸುದ್ದಿಯನ್ನು ಓದಿದ ಅನೇಕರನ್ನು ಕಾಡಿದೆ. ಆನ್ ಆರ್ಬರ್ ಮತ್ತು ಡೆಟ್ರಾಯ್ಟ್ ಸುತ್ತಮುತ್ತ ನೆಲೆಸಿ ತಿಂಗಳು ತಿಂಗಳು ಡಿಟಿಇ ಕಂಪನಿಗೆ ವಿದ್ಯುತ್ ಬಿಲ್ ಕಟ್ಟುವ ಕನ್ನಡ ಕುಟುಂಬಗಳಿಗಂತೂ ಇದು ಮನೆಬಾಗಿಲಿನ ವಿಷಯ. ಉತ್ತರ ಸಿಗಬೇಕಾದರೆ ಟೌನ್‌ಶಿಪ್ ಎಂಬ ವ್ಯವಸ್ಥೆ ಹುಟ್ಟಿದ್ದು ಹೇಗೆ, ಅದಕ್ಕೆ ಯಾವ ಅಧಿಕಾರವಿದೆ, ಆ ಅಧಿಕಾರವನ್ನು ಉಳಿಸಿಕೊಳ್ಳಲು ಎಷ್ಟು ಹಣವಿದೆ ಎಂಬುದನ್ನು ಒಂದೊಂದಾಗಿ ನೋಡಬೇಕು.

ನೆಲದ ಮೇಲೆ ಎಳೆದ ಚೌಕಗಳು

ಟೌನ್‌ಶಿಪ್ ಎಂದರೆ ನಮಗೆ ನೆನಪಾಗುವುದು ಬಿಡದಿಯಲ್ಲಿ ಉದ್ದೇಶಿಸಿರುವಂತಹ ಯೋಜಿತ ಉಪನಗರ, ಅಥವಾ ಕಾರ್ಖಾನೆಯ ನೌಕರರಿಗೆ ಕಟ್ಟಿಸಿದ ವಸತಿ ಬಡಾವಣೆ. ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಈ ಪದಕ್ಕೆ ಅಂತಹ ಅರ್ಥವಿಲ್ಲ. ಅಲ್ಲಿ ಅದು ಮೊದಲು ಭೂಮಾಪನದ ಒಂದು ಘಟಕವಾಗಿತ್ತು. ಆಮೇಲೆ ಅದೇ ಎಲ್ಲೆಯೊಳಗೆ ಒಂದು ಸ್ಥಳೀಯ ಸರ್ಕಾರ ಬಂದು ಕೂತಿತು.

ಸ್ವಾತಂತ್ರ್ಯ ಯುದ್ಧ ಮುಗಿದಾಗ ಅಮೆರಿಕದ ಕೇಂದ್ರ ಸರ್ಕಾರದ ಬೊಕ್ಕಸದಲ್ಲಿ ಹಣವಿರಲಿಲ್ಲ, ತನ್ನದೆಂದು ಹೇಳಿಕೊಳ್ಳುವ ಭೂಮಿ ಮಾತ್ರ ಅಪಾರವಾಗಿತ್ತು. ಆ ಭೂಮಿಯನ್ನು ಅಳೆದು ಮಾರಲು 1785ರಲ್ಲಿ ಒಂದು ಕಾಯ್ದೆ ಬಂತು. ಅದರಂತೆ ನೆಲವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳನ್ನಾಗಿ ವಿಂಗಡಿಸಬೇಕಿತ್ತು. ಇಂತಹ ಒಂದೊಂದು ಚೌಕವೂ ಒಂದು ಟೌನ್‌ಶಿಪ್. ಅದರೊಳಗೆ ಒಂದು ಚದರ ಮೈಲಿಯ, ಅಂದರೆ 640 ಎಕರೆಯ 36 ಸೆಕ್ಷನ್‌ಗಳು. ಈಗ ರೂಢಿಯಲ್ಲಿರುವ ಕ್ರಮದಲ್ಲಿ ಸೆಕ್ಷನ್‌ಗಳ ಎಣಿಕೆ ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ ಹೋಗುತ್ತದೆ. ಆರನೆಯದು ಮುಗಿದ ಮೇಲೆ ಕೆಳಗಿಳಿದು ಪೂರ್ವಕ್ಕೆ ತಿರುಗುತ್ತದೆ. ಹೊಲದ ಬದುವಿನವರೆಗೆ ಹೋದ ಎತ್ತುಗಳು ಅಲ್ಲೇ ತಿರುಗಿ ಮುಂದಿನ ಸಾಲು ಹೊಡೆಯುವ ರೀತಿಯಲ್ಲೇ ಈ ಎಣಿಕೆ 36ರವರೆಗೆ ಸಾಗುತ್ತದೆ. ಹದಿನಾರನೆಯ ಸೆಕ್ಷನ್ ಶಾಲೆಗೆಂದು ಮೀಸಲು.

ಆಗ್ನೇಯ ಮಿಷಿಗನ್‌ನ ನೆಲ ಈ ಅಳತೆಗೆ ಸಿಕ್ಕಿದ್ದು 1807ರ ಡೆಟ್ರಾಯ್ಟ್ ಒಪ್ಪಂದದ ನಂತರ. ಒಡಾವಾ, ಒಜಿಬ್ವೆ, ಪೊಟವಾಟಮಿ ಮತ್ತು ವಯಾಂಡಾಟ್ ಜನಾಂಗಗಳಿಂದ ಆ ಒಪ್ಪಂದದ ಮೂಲಕ ಭೂಮಿಯನ್ನು ಪಡೆಯಲಾಯಿತು. ಅಳೆಯುವ ಕೆಲಸ 1815ರಲ್ಲಿ ಆರಂಭವಾಯಿತು. ಪೂರ್ವ–ಪಶ್ಚಿಮವಾಗಿ ಒಂದು ಆಧಾರ ರೇಖೆ, ಉತ್ತರ–ದಕ್ಷಿಣವಾಗಿ ಒಂದು ಮಧ್ಯ ರೇಖೆ. ಇಡೀ ರಾಜ್ಯದ ಚೌಕಗಳು ಇವೆರಡರಿಂದಲೇ ಲೆಕ್ಕ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಆಡಳಿತ ಘಟಕ; ಸಲೀನ್ ಇರುವ ವಾಷ್ಟನಾ ಕೌಂಟಿಯ ಉತ್ತರದ ಗಡಿಯೇ ಆ ಆಧಾರ ರೇಖೆ. ಅಲ್ಲಿಂದ ದಕ್ಷಿಣಕ್ಕೆ ನಾಲ್ಕನೆಯ ಸಾಲು, ಮಧ್ಯ ರೇಖೆಯಿಂದ ಪೂರ್ವಕ್ಕೆ ಐದನೆಯ ಕಂಬಸಾಲು ಎಲ್ಲಿ ಕೂಡುತ್ತವೆಯೋ ಅದೇ ಸಲೀನ್ ಟೌನ್‌ಶಿಪ್. ಅಲ್ಲಿನ ಜಮೀನಿನ ಕಾಗದಪತ್ರಗಳಲ್ಲಿ ಇಂದಿಗೂ ಈ ಸಾಲು, ಕಂಬಸಾಲು ಮತ್ತು ಸೆಕ್ಷನ್ ಸಂಖ್ಯೆಗಳೇ ಜಾಗವನ್ನು ಗುರುತಿಸುತ್ತವೆ.

ಈ ಭೂಗೋಳಕ್ಕೂ ಇಂದಿನ ಸುದ್ದಿಗೂ ನೇರವಾದ ಸಂಬಂಧವಿದೆ. ದೊಡ್ಡ ಯೋಜನೆಗಳಿಗೆ ಬೇಕಾಗುವುದು ಸಮತಟ್ಟಾದ, ದೊಡ್ಡ ದೊಡ್ಡ ಹಿಡುವಳಿಗಳಲ್ಲಿ ಉಳಿದಿರುವ, ರಸ್ತೆ ತಲುಪಿರುವ ಭೂಮಿ. ಸೆಕ್ಷನ್ ರೇಖೆಗಳ ಗುಂಟ ರಸ್ತೆಗಳು ಹಾದು ಹೋಗಿರುವ ಈ ಚೌಕಗಳಲ್ಲಿ ಕೆಲವೇ ಮಾಲೀಕರೊಡನೆ ಮಾತನಾಡಿದರೆ ನೂರಾರು ಎಕರೆ ಒಟ್ಟಿಗೆ ಸಿಗುತ್ತದೆ. ಡೇಟಾ ಸೆಂಟರ್‌ಗೆ ಕೇಳಿದ 575 ಎಕರೆ ಒಂದು ಸೆಕ್ಷನ್‌ಗಿಂತಲೂ ಸ್ವಲ್ಪ ಕಡಿಮೆ. 36 ಮನೆಗಳ ಪಟದಲ್ಲಿ ಒಂದೇ ಮನೆಯಷ್ಟು ಜಾಗ. ಆದರೆ ಆ ಒಂದು ಮನೆಗೆ ಬೇಕಾದ ವಿದ್ಯುತ್ತು ಸುಮಾರು 1.4 ಗಿಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 1,035 ಮೆಗಾವ್ಯಾಟ್, ಅಂದರೆ ಸುಮಾರು 1 ಗಿಗಾವ್ಯಾಟ್ ಎಂಬುದನ್ನು ನೆನೆದರೆ ಈ ಬೇಡಿಕೆಯ ಗಾತ್ರ ಅರಿವಾಗುತ್ತದೆ.

ಐದು ಜನರ ಸರ್ಕಾರ

ಮಿಷಿಗನ್‌ನಲ್ಲಿ 1,240 ಟೌನ್‌ಶಿಪ್ ಸರ್ಕಾರಗಳಿವೆ. ಸಲೀನ್‌ನಂತಹ ಸಣ್ಣ ಟೌನ್‌ಶಿಪ್‌ನ ಮಂಡಳಿಯಲ್ಲಿ ಐದು ಜನ: ಸೂಪರ್‌ವೈಸರ್, ಕ್ಲರ್ಕ್, ಖಜಾಂಚಿ ಮತ್ತು ಇಬ್ಬರು ಟ್ರಸ್ಟಿಗಳು. ಇವರೆಲ್ಲರೂ ನಾಲ್ಕು ವರ್ಷಗಳ ಅವಧಿಗೆ ಜನರಿಂದಲೇ ಆಯ್ಕೆಯಾದವರು. ನಮ್ಮ ಗ್ರಾಮ ಪಂಚಾಯಿತಿಗೆ ಸರ್ಕಾರ ನೇಮಿಸುವ ಪಿಡಿಒ ಇರುವಂತೆ ಅಲ್ಲಿ ರಾಜ್ಯದ ಅಧಿಕಾರಿ ಯಾರೂ ಇರುವುದಿಲ್ಲ. ಕಡತ ನೋಡಿಕೊಳ್ಳುವ ಕ್ಲರ್ಕ್ ಕೂಡ ಮತ ಕೇಳಿ ಗೆದ್ದು ಬಂದವರೇ.

ಕಾನೂನು ಈ ಮಂಡಳಿಗೆ ಕಡ್ಡಾಯ ಮಾಡಿರುವ ಮುಖ್ಯ ಕೆಲಸಗಳು ಮೂರು: ಆಸ್ತಿಯ ಮೌಲ್ಯ ನಿಗದಿ, ತೆರಿಗೆ ವಸೂಲಿ, ಚುನಾವಣೆ ನಡೆಸುವುದು. ರಸ್ತೆಗಳು ಅದರ ಕೈಯಲ್ಲಿಲ್ಲ. 1931ರ ಮೆಕ್‌ನಿಟ್ ಕಾಯ್ದೆಯಿಂದ ಟೌನ್‌ಶಿಪ್ ರಸ್ತೆಗಳೆಲ್ಲ ಕೌಂಟಿಯ ರಸ್ತೆ ಆಯೋಗದ ವಶಕ್ಕೆ ಹೋದವು. ಪೊಲೀಸ್ ಕೆಲಸವನ್ನು ಗ್ರಾಮೀಣ ಭಾಗದಲ್ಲಿ ಹೆಚ್ಚಾಗಿ ಕೌಂಟಿಯ ಶೆರಿಫ್ ನೋಡಿಕೊಳ್ಳುತ್ತಾರೆ. ಪಕ್ಕದ ರಾಜ್ಯಗಳ ಪದ್ಧತಿ ಬೇರೆ: ಇಂಡಿಯಾನಾದಲ್ಲಿ ಟೌನ್‌ಶಿಪ್‌ನ ಟ್ರಸ್ಟಿ ಬಡವರಿಗೆ ತುರ್ತು ನೆರವು ಕೊಡುತ್ತಾರೆ, ಇಲಿನಾಯ್‌ನಲ್ಲಿ ಟೌನ್‌ಶಿಪ್‌ಗಳೇ ರಸ್ತೆ ನೋಡಿಕೊಳ್ಳುತ್ತವೆ, ಮಿನೆಸೋಟಾದಲ್ಲಿ ಪ್ರತಿ ಮಾರ್ಚ್ ತಿಂಗಳು ಜನರೇ ಸಭೆ ಸೇರಿ ತೆರಿಗೆಯ ಮೊತ್ತ ತೀರ್ಮಾನಿಸುತ್ತಾರೆ.

ಮಿಷಿಗನ್ ಟೌನ್‌ಶಿಪ್‌ಗೆ ಇರುವ ನಿಜವಾದ ಬಲವೆಂದರೆ ಭೂಬಳಕೆಯ ನಿಯಂತ್ರಣ. ಯಾವ ಜಮೀನು ಕೃಷಿಗೆ, ಯಾವುದು ವಸತಿಗೆ, ಯಾವುದು ಕೈಗಾರಿಕೆಗೆ ಎಂದು ವಲಯಗಳನ್ನು ಗುರುತಿಸುವ, ಅವುಗಳನ್ನು ಬದಲಿಸುವ ಅಥವಾ ಬದಲಿಸಲು ನಿರಾಕರಿಸುವ ಅಧಿಕಾರ ಅದರದು. ಆದರೆ ಇದು ಆಧಾರ ರೇಖೆಯಷ್ಟು ಹಳೆಯ ಹಕ್ಕೂ ಅಲ್ಲ, ಸ್ವಯಂಸಿದ್ಧ ಹಕ್ಕೂ ಅಲ್ಲ. ರಾಜ್ಯದ ಶಾಸನಸಭೆ ಕಾಯ್ದೆಯ ಮೂಲಕ ಕೊಟ್ಟಿದ್ದು. ಕೊಟ್ಟವರು ಷರತ್ತು ಹಾಕಬಹುದು, ಹಿಂದಕ್ಕೂ ಪಡೆಯಬಹುದು. 2023ರಲ್ಲಿ ಅಂಗೀಕಾರವಾದ 233ನೇ ಸಂಖ್ಯೆಯ ಕಾಯ್ದೆ ಇದಕ್ಕೆ ಉದಾಹರಣೆ. ದೊಡ್ಡ ಸೌರ, ಪವನ ಮತ್ತು ಬ್ಯಾಟರಿ ಸ್ಥಾವರಗಳ ವಿಷಯದಲ್ಲಿ ಸ್ಥಳೀಯ ನಿರ್ಬಂಧಗಳನ್ನು ದಾಟಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದಿಂದ ಅನುಮತಿ ಪಡೆಯುವ ದಾರಿಯನ್ನು ಅದು ತೆರೆಯಿತು.

ಇನ್ನು ಹಣದ ವಿಷಯ. ಸಾಮಾನ್ಯ ಟೌನ್‌ಶಿಪ್‌ಗೆ ತಾನಾಗಿ ಬರುವ ಆಸ್ತಿ ತೆರಿಗೆ, ತೆರಿಗೆಗೆ ಒಳಪಡುವ ಪ್ರತಿ 1,000 ಡಾಲರ್ ಮೌಲ್ಯಕ್ಕೆ ಸುಮಾರು 1 ಡಾಲರ್. ಅದಕ್ಕಿಂತ ಹೆಚ್ಚು ಬೇಕಾದರೆ ಮತದಾರರ ಒಪ್ಪಿಗೆ ಪಡೆಯಬೇಕು. ತೆರಿಗೆಗೆ ಒಳಪಡುವ ಮೌಲ್ಯ ಮಾರುಕಟ್ಟೆ ಬೆಲೆಯ ಅರ್ಧವನ್ನು ಮೀರುವಂತಿಲ್ಲ. ಹಾಗಾಗಿ 4 ಲಕ್ಷ ಡಾಲರ್ ಬೆಲೆಬಾಳುವ ಮನೆಯಿಂದ ಟೌನ್‌ಶಿಪ್‌ನ ಪಾಲಿಗೆ ವರ್ಷಕ್ಕೆ ಹೆಚ್ಚೆಂದರೆ 200 ಡಾಲರ್ ಬರುತ್ತದೆ. ಮನೆಯವರು ಕಟ್ಟುವ ತೆರಿಗೆಯ ದೊಡ್ಡ ಭಾಗ ಶಾಲೆಗಳಿಗೆ ಮತ್ತು ಕೌಂಟಿಗೆ ಹೋಗುತ್ತದೆ. ಇದರ ಜೊತೆಗೆ ರಾಜ್ಯದ ಮಾರಾಟ ತೆರಿಗೆಯಲ್ಲಿ ಜನಸಂಖ್ಯೆಗೆ ತಕ್ಕ ಪಾಲು ಸಿಗುತ್ತದೆ. 2,300 ಜನರಿರುವಲ್ಲಿ ಆ ಪಾಲೂ ಸಣ್ಣದೇ. ಮುಂದೆ ನಡೆದದ್ದನ್ನೆಲ್ಲ ಈ ಲೆಕ್ಕವನ್ನು ಎದುರಿಗಿಟ್ಟುಕೊಂಡೇ ಓದಬೇಕು.

ನಿರಾಕರಣೆ ನಿಲ್ಲದೆ ಹೋದದ್ದು

ಮಂಡಳಿ ತಿರಸ್ಕರಿಸಿದ ಕೆಲವೇ ದಿನಗಳಲ್ಲಿ ಕಂಪನಿ ಮತ್ತು ಜಮೀನಿನ ಮಾಲೀಕರು ಒಟ್ಟಾಗಿ ಟೌನ್‌ಶಿಪ್ ಮೇಲೆ ಮೊಕದ್ದಮೆ ಹೂಡಿದರು. ಅವರ ವಾದಕ್ಕೆ ಆಧಾರ 2006ರ ಮಿಷಿಗನ್ ವಲಯ ಕಾಯ್ದೆಯ 207ನೇ ಕಲಂ. ಒಂದು ಬಗೆಯ ಭೂಬಳಕೆಗೆ ಆ ಟೌನ್‌ಶಿಪ್‌ನಲ್ಲಾಗಲಿ ಸುತ್ತಲಿನ ಪ್ರದೇಶದಲ್ಲಾಗಲಿ ಅಗತ್ಯವಿದೆಯೆಂದು ತೋರಿಸಿದ ಮೇಲೆ, ಸ್ಥಳೀಯ ಸರ್ಕಾರ ಅದನ್ನು ತನ್ನ ಎಲ್ಲೆಯೊಳಗೆ ಸಂಪೂರ್ಣವಾಗಿ ನಿಷೇಧಿಸಿದಂತೆ ಆಗಬಾರದು ಎನ್ನುತ್ತದೆ ಆ ಕಲಂ. ಸೂಕ್ತ ಜಾಗವೇ ಇಲ್ಲದಿದ್ದರೆ ಅಥವಾ ಆ ಬಳಕೆಯೇ ಕಾನೂನುಬಾಹಿರವಾಗಿದ್ದರೆ ಮಾತ್ರ ವಿನಾಯಿತಿ. ಬಡವರ ವಸತಿಯಂತಹ ಅಗತ್ಯಗಳನ್ನು ಶ್ರೀಮಂತ ಊರುಗಳು ಹೊರಗಿಡದಂತೆ ತಡೆಯಲು ಉಪಯೋಗವಾಗುವ ತತ್ವವಿದು. ಅದನ್ನೇ ಇಲ್ಲಿ ಡೇಟಾ ಸೆಂಟರ್‌ಗೆ ಅನ್ವಯಿಸಲಾಯಿತು.

ಟೌನ್‌ಶಿಪ್‌ನ ವಲಯ ನಿಯಮಗಳು ಬರೆಯಲ್ಪಟ್ಟಾಗ ಇಂತಹ ಕಟ್ಟಡದ ಕಲ್ಪನೆಯೇ ಯಾರಿಗೂ ಇರಲಿಲ್ಲ. ಆದ್ದರಿಂದ ಅದಕ್ಕೊಂದು ಜಾಗವನ್ನು ಮೊದಲೇ ಗುರುತಿಸುವ ಪ್ರಮೇಯ ಬಂದಿರಲಿಲ್ಲ. ಊರಿನವರು ಇದನ್ನು ತಮ್ಮ ರಕ್ಷಣೆ ಎಂದುಕೊಂಡಿದ್ದರು: ನಿಯಮದಲ್ಲಿ ಇಲ್ಲ, ಆದ್ದರಿಂದ ಅವಕಾಶವಿಲ್ಲ. 207ನೇ ಕಲಂ ಈ ತರ್ಕವನ್ನು ತಿರುವುಮುರುವು ಮಾಡುತ್ತದೆ. ಎಲ್ಲಿಯೂ ಅವಕಾಶವಿಲ್ಲ ಎಂಬುದೇ ಟೌನ್‌ಶಿಪ್‌ನ ವಿರುದ್ಧದ ಸಾಕ್ಷ್ಯವಾಗುತ್ತದೆ. ಒಂದು ಮೂಲೆಯಲ್ಲಿ, ಬಿಗಿಯಾದ ಷರತ್ತುಗಳೊಂದಿಗೆ ಜಾಗ ತೋರಿಸಿದ್ದ ಊರಿಗೆ ಉಳಿದೆಡೆ ಬೇಡವೆನ್ನಲು ಹೆಚ್ಚು ಗಟ್ಟಿಯಾದ ನೆಲೆ ಸಿಗುತ್ತದೆ.

ಡೇಟಾ ಸೆಂಟರ್‌ಗೆ ಅಲ್ಲಿ ನಿಜವಾಗಿ ಅಗತ್ಯವಿದೆಯೇ ಎಂಬ ಮೂಲ ಪ್ರಶ್ನೆಯನ್ನು ನ್ಯಾಯಾಲಯ ವಿಚಾರಿಸಲೇ ಇಲ್ಲ. ಅಕ್ಟೋಬರ್‌ನಲ್ಲಿ ಟೌನ್‌ಶಿಪ್ ಮತ್ತು ಕಂಪನಿ ರಾಜಿ ಮಾಡಿಕೊಂಡವು, ನ್ಯಾಯಾಲಯ ಅದನ್ನು ರಾಜಿ ಡಿಕ್ರಿಯಾಗಿ, ಅಂದರೆ ತನ್ನದೇ ಆದೇಶವಾಗಿ ದಾಖಲಿಸಿತು. ಕಟ್ಟಡಗಳು ಸುಮಾರು 250 ಎಕರೆಯೊಳಗೆ ಇರಬೇಕು, ಯಂತ್ರಗಳನ್ನು ತಂಪಾಗಿಸುವ ನೀರು ಮುಚ್ಚಿದ ಸುತ್ತಿನಲ್ಲೇ ಮರುಬಳಕೆಯಾಗಬೇಕು ಎಂಬಂತಹ ಷರತ್ತುಗಳು ಅದರಲ್ಲಿವೆ. ಕಂಪನಿ ಸುಮಾರು 1.4 ಕೋಟಿ ಡಾಲರ್ ಕೊಡಬೇಕು; ಅದರ ದೊಡ್ಡ ಪಾಲು ಸುತ್ತಲಿನ ಅಗ್ನಿಶಾಮಕ ವ್ಯವಸ್ಥೆಗೆ, ಉಳಿದದ್ದು ಕೃಷಿಭೂಮಿ ಸಂರಕ್ಷಣೆಗೆ ಮತ್ತು ಊರಿನ ಅಭಿವೃದ್ಧಿಗೆ.

ರಾಜಿಯನ್ನು ಒಪ್ಪುವವರು, ಒಪ್ಪದವರು

ರಾಜಿಯನ್ನು ಸಮರ್ಥಿಸುವವರ ಮಾತಿನಲ್ಲಿ ತೂಕವಿದೆ. ಮೊಕದ್ದಮೆ ವರ್ಷಗಟ್ಟಲೆ ನಡೆದಿದ್ದರೆ ವಕೀಲರ ವೆಚ್ಚವೇ ಈ ಪುಟ್ಟ ಆಡಳಿತವನ್ನು ಮುಳುಗಿಸುತ್ತಿತ್ತು. ಸೋತಿದ್ದರೆ ಯೋಜನೆ ಹೇಗೂ ಬರುತ್ತಿತ್ತು. ಎಕರೆಯ ಮಿತಿಯಾಗಲಿ, ನೀರಿನ ಷರತ್ತಾಗಲಿ, ಅಗ್ನಿಶಾಮಕ ದಳಕ್ಕೆ ಹಣವಾಗಲಿ ಇರುತ್ತಿರಲಿಲ್ಲ. ಜಮೀನು ಮಾರಲು ಮುಂದಾದ ಕುಟುಂಬಗಳಿಗೂ ತಮ್ಮ ಆಸ್ತಿಯ ಮೇಲೆ ಹಕ್ಕಿದೆ. ರಾಜ್ಯ ಸರ್ಕಾರವಂತೂ ಯೋಜನೆಯ ಬೆನ್ನಿಗೆ ನಿಂತಿದೆ. 700 ಕೋಟಿ ಡಾಲರ್ ಹೂಡಿಕೆ, ನಿರ್ಮಾಣದ ಸಮಯದಲ್ಲಿ 2,500 ಕೆಲಸಗಳು, ಆಮೇಲೆ ಸ್ಥಳದಲ್ಲೇ 450ಕ್ಕೂ ಹೆಚ್ಚು ಕಾಯಂ ಉದ್ಯೋಗಗಳು ಎಂದು ಹೇಳಿದ ಗವರ್ನರ್ ಗ್ರೆಚೆನ್ ವಿಟ್ಮರ್, ಇದು ರಾಜ್ಯದ ಚರಿತ್ರೆಯಲ್ಲೇ ಅತಿ ದೊಡ್ಡ ಹೂಡಿಕೆ ಎಂದು ಬಣ್ಣಿಸಿದರು. ದೊಡ್ಡ ಡೇಟಾ ಸೆಂಟರ್‌ಗಳಿಗೆ ಮಾರಾಟ ಮತ್ತು ಬಳಕೆ ತೆರಿಗೆಯ ವಿನಾಯಿತಿ ನೀಡುವ ಕಾಯ್ದೆಗಳಿಗೆ ಅವರು 2025ರ ಜನವರಿಯಲ್ಲೇ ಸಹಿ ಹಾಕಿದ್ದರು.

ವಿರೋಧಿಸುವವರ ಅಸಮಾಧಾನದ ಮೂಲ ಬೇರೆ ಕಡೆ ಇದೆ. ಅಂತರ್ಜಲ, ಸದ್ದು, ಬೆಳಕು, ಫಲವತ್ತಾದ ನೆಲ ಕೈತಪ್ಪುವುದು ಇವೆಲ್ಲ ಅವರ ಆತಂಕಗಳೇ. ಆದರೆ ಅದಕ್ಕಿಂತ ಆಳದಲ್ಲಿ, ತೀರ್ಮಾನವಾದ ರೀತಿಯ ಬಗ್ಗೆ ಅವರ ತಕರಾರು ಇದೆ. ಭೂಬಳಕೆ ಬದಲಾವಣೆಯ ಅರ್ಜಿಗೆ ಬಹಿರಂಗ ವಿಚಾರಣೆ ನಡೆಯಬೇಕು. ಜನರು ಎದ್ದು ನಿಂತು ಮಾತನಾಡಬಹುದು. ಮೊಕದ್ದಮೆಯ ರಾಜಿ ಮಾತುಕತೆ ವಕೀಲರ ನಡುವೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಜನರ ಒತ್ತಾಯದಿಂದ ಮಂಡಳಿ ಬೇಡವೆಂದಿತ್ತು. ಬೇಕೆಂದು ತಿರುಗುವಾಗ ಅದೇ ಜನರನ್ನು ಕೇಳುವ ಅವಕಾಶವೇ ಇರಲಿಲ್ಲ. ಪ್ರಕರಣದಲ್ಲಿ ತಮ್ಮನ್ನೂ ಪಕ್ಷಗಾರರನ್ನಾಗಿ ಸೇರಿಸಿಕೊಳ್ಳಬೇಕೆಂದು ನೆರೆಯ ನಿವಾಸಿಯೊಬ್ಬರು ಕೋರಿದಾಗ ನ್ಯಾಯಾಲಯ ಒಪ್ಪಲಿಲ್ಲ.

ಮಂಡಳಿಯ ಸದಸ್ಯರನ್ನು ಹೇಡಿಗಳೆಂದು ಜರೆಯುವುದು ಅನ್ಯಾಯ ಎಂಬುದು ಈ ಲೇಖಕನ ಅಭಿಪ್ರಾಯ. ಸಾವಿರಕ್ಕೆ ಒಂದು ಡಾಲರ್ ತೆರಿಗೆಯ ಮೇಲೆ ನಿಂತಿರುವ ಆಡಳಿತಕ್ಕೆ ಬೇಡವೆನ್ನುವ ಅಧಿಕಾರವನ್ನು ಕಾಯ್ದೆ ಕೊಟ್ಟಿದೆ. ಆ ಮಾತನ್ನು ನ್ಯಾಯಾಲಯದಲ್ಲಿ ಉಳಿಸಿಕೊಳ್ಳುವ ಶಕ್ತಿಯನ್ನು ಯಾರೂ ಕೊಟ್ಟಿಲ್ಲ. ಎದುರಾಳಿ ಯಾರೆಂಬುದರ ಮೇಲೆ ಆ ಅಧಿಕಾರದ ಬೆಲೆ ಬದಲಾಗುತ್ತದೆ. ಪಕ್ಕದ ಹೊಲದಲ್ಲಿ ಗ್ಯಾರೇಜು ಕಟ್ಟಲು ಬಂದವರ ಎದುರು ಅದು ಪೂರ್ಣ ಅಧಿಕಾರ. ನೂರಾರು ಕೋಟಿ ಡಾಲರ್ ಹೂಡುವವರ ಎದುರು ಅದು ಚೌಕಾಸಿಗೆ ಕೂರುವ ಒಂದು ಕುರ್ಚಿ ಮಾತ್ರ.

ವಿದ್ಯುತ್ತಿನ ತೀರ್ಮಾನ ಬೇರೆಡೆ

ಟೌನ್‌ಶಿಪ್‌ನ ಕೈಗೆ ಎಂದೂ ಎಟುಕದ ಇನ್ನೊಂದು ಹಂತವೂ ಇತ್ತು. ಕೇಂದ್ರಕ್ಕೆ ವಿದ್ಯುತ್ ಪೂರೈಸುವ ಡಿಟಿಇ, ಅಕ್ಟೋಬರ್ ಕೊನೆಯಲ್ಲಿ 19 ವರ್ಷಗಳ ವಿಶೇಷ ಒಪ್ಪಂದಗಳನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮುಂದಿಟ್ಟು, ಪೂರ್ಣ ಪ್ರಮಾಣದ ವಿಚಾರಣೆ ಇಲ್ಲದೆಯೇ ಒಪ್ಪಿಗೆ ಕೊಡಬೇಕೆಂದು ಕೇಳಿತು. ಸಾರ್ವಜನಿಕರಿಗೆ ಸಿಕ್ಕ ಪ್ರತಿಗಳಲ್ಲಿ ಹಲವು ಭಾಗಗಳಿಗೆ ಕಪ್ಪು ಬಳಿಯಲಾಗಿತ್ತು. ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವ ವಿಚಾರಣೆ ನಡೆಯಲೇಬೇಕೆಂದು ರಾಜ್ಯದ ಅಟಾರ್ನಿ ಜನರಲ್ ಡಾನಾ ನೆಸ್ಸೆಲ್ ಒತ್ತಾಯಿಸಿದರು. ಆಯೋಗ ಅದನ್ನು ಒಪ್ಪದೆ, 2025ರ ಡಿಸೆಂಬರ್ 18ರಂದು ಷರತ್ತುಗಳೊಂದಿಗೆ ಸಮ್ಮತಿ ನೀಡಿತು.

ಇಲ್ಲಿ ಮುಖ್ಯ ಪ್ರಶ್ನೆ ಹೊಸ ವಿದ್ಯುತ್ ವ್ಯವಸ್ಥೆಯ ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದು. ಬಳಸಲಿ ಬಿಡಲಿ, ಒಪ್ಪಿದ ಪ್ರಮಾಣದ ಕನಿಷ್ಠ ಶೇ 80ಕ್ಕೆ ಗ್ರಾಹಕ ಕಂಪನಿ ಹಣ ಕಟ್ಟಬೇಕು, ಬ್ಯಾಟರಿ ಸಂಗ್ರಹಾಗಾರದ ವೆಚ್ಚವನ್ನೂ ಅದೇ ಭರಿಸಬೇಕು, ಆದ್ದರಿಂದ ಮನೆಗಳ ಬಿಲ್ ಏರುವುದಿಲ್ಲ ಎನ್ನುತ್ತದೆ ಡಿಟಿಇ. ವಿದ್ಯುತ್ ಜಾಲದ ಹೂಡಿಕೆಗಳು ದಶಕಗಳ ಕಾಲ ಸಾಲವಾಗಿ ಉಳಿಯುವುದರಿಂದ, 19 ವರ್ಷಗಳ ನಂತರ ಅಥವಾ ಅದಕ್ಕೆ ಮೊದಲೇ ಗ್ರಾಹಕ ಹೊರಟುಹೋದರೆ ಉಳಿದ ಹೊರೆ ಎಲ್ಲರ ಬಿಲ್‌ಗೆ ಹಂಚಿಕೆಯಾಗಬಹುದು ಎಂಬುದು ವಿರೋಧಿಗಳ ಭಯ. ಕಪ್ಪು ಬಳಿದ ಸಾಲುಗಳಲ್ಲಿ ಏನಿದೆ ಎಂದು ತಿಳಿಯದೆ ಹೊರಗಿನವರು ಈ ವಾದವನ್ನು ಇತ್ಯರ್ಥ ಮಾಡಲಾರರು. ವಿಚಾರಣೆಯ ಬೇಡಿಕೆ ನ್ಯಾಯವಾದದ್ದು ಎನ್ನಿಸುವುದೂ ಅದೇ ಕಾರಣಕ್ಕೆ.

ಅದೇ ಸಾಲಿನ ಇನ್ನೊಂದು ಚೌಕ

ಸಲೀನ್‌ನಿಂದ ಪೂರ್ವಕ್ಕೆ ಯಾರ್ಕ್ ಟೌನ್‌ಶಿಪ್ ಎಂಬ ಒಂದು ಚೌಕ ದಾಟಿದರೆ ಅಗಸ್ಟಾ ಟೌನ್‌ಶಿಪ್. ಅಲ್ಲಿಯೂ 2025ರಲ್ಲೇ ನೂರಾರು ಎಕರೆಯಲ್ಲಿ ಡೇಟಾ ಸೆಂಟರ್ ಕಟ್ಟುವ ಪ್ರಸ್ತಾವ ಬಂತು. ಅಲ್ಲಿನ ಮಂಡಳಿ ಭೂಬಳಕೆ ಬದಲಾವಣೆಗೆ ಒಪ್ಪಿತು. ವಲಯ ಕಾಯ್ದೆಯ 402ನೇ ಕಲಂ ಪ್ರಕಾರ ಇಂತಹ ಬದಲಾವಣೆಯನ್ನು ಜನಮತಕ್ಕೆ ಒಯ್ಯಬಹುದು. ಪ್ರಕಟಣೆಯಾದ ಏಳು ದಿನಗಳಲ್ಲಿ ಉದ್ದೇಶ ತಿಳಿಸಬೇಕು, ಮೂವತ್ತು ದಿನಗಳಲ್ಲಿ ಅರ್ಜಿ ಕೊಡಬೇಕು, ಹಿಂದಿನ ಗವರ್ನರ್ ಚುನಾವಣೆಯಲ್ಲಿ ಅಲ್ಲಿ ಬಿದ್ದ ಮತಗಳ ಶೇ 15ರಷ್ಟು ಸಹಿಗಳಿರಬೇಕು. ಅಗಸ್ಟಾದ ನಿವಾಸಿಗಳು ಸಹಿ ಸಂಗ್ರಹಿಸಿ ಜನಮತಕ್ಕೆ ಒತ್ತಾಯಿಸಿದರು.

ಸಲೀನ್‌ನಲ್ಲಿ ಈ ದಾರಿಯೇ ಇರಲಿಲ್ಲ. ಜನಮತಕ್ಕೆ ಒಯ್ಯಬಹುದಾದದ್ದು ಮಂಡಳಿ ಮಾಡಿದ ನಿಯಮದ ತಿದ್ದುಪಡಿಯನ್ನು ಮಾತ್ರ. ರಾಜಿ ಡಿಕ್ರಿ ನ್ಯಾಯಾಲಯದ ಆದೇಶವಾದ್ದರಿಂದ ಅದಕ್ಕೆ ಈ ಕಲಂ ಅನ್ವಯಿಸುವುದಿಲ್ಲ ಎಂದು ಮಿಷಿಗನ್‌ನ ನ್ಯಾಯಾಲಯಗಳು ಹಿಂದೆಯೇ ಹೇಳಿವೆ. ಇದರ ಫಲವನ್ನು ಗಮನಿಸಬೇಕು. ಮಂಡಳಿ ಯೋಜನೆಗೆ ಹೂಂಗುಟ್ಟಿದ ಅಗಸ್ಟಾದಲ್ಲಿ ಜನರಿಗೆ ಮತ ಹಾಕುವ ದಾರಿ ತೆರೆಯಿತು. ಮಂಡಳಿ ಜನರ ಮಾತು ಕೇಳಿ ಒಲ್ಲೆ ಎಂದ ಸಲೀನ್‌ನಲ್ಲಿ ಆ ದಾರಿ ಮುಚ್ಚಿಹೋಯಿತು. ಒಂದೇ ಕಾಯ್ದೆ, ಒಂದೇ ಕೌಂಟಿ, ಭೂಪಟದ ಒಂದೇ ಸಾಲು. ಈ ವಿಚಿತ್ರವನ್ನು ಶಾಸನಸಭೆಯೇ ಸರಿಪಡಿಸಬೇಕಾಗುತ್ತದೆ: ಮಂಡಳಿ ಮೊದಲು ಬಹಿರಂಗವಾಗಿ ತಿರಸ್ಕರಿಸಿದ್ದನ್ನು ರಾಜಿಯಲ್ಲಿ ಒಪ್ಪುವ ಮುನ್ನ ರಾಜಿಯ ಕರಡನ್ನು ಊರಿನ ಮುಂದಿಟ್ಟು ವಿಚಾರಣೆ ನಡೆಸುವುದನ್ನು ಕಡ್ಡಾಯಗೊಳಿಸಿದರೆ, ಕಂಪನಿಗಳ ಹಕ್ಕಿಗೆ ಧಕ್ಕೆಯಾಗದೆಯೇ ಜನರಿಗೆ ಮಾತು ಸಿಗುತ್ತದೆ.

ಸದ್ಯಕ್ಕೆ ಟೌನ್‌ಶಿಪ್‌ಗಳು ಅಷ್ಟು ದಿನ ಕಾಯುತ್ತಿಲ್ಲ. ಉತ್ತರದ ಲಿವಿಂಗ್‌ಸ್ಟನ್ ಕೌಂಟಿಯ ಹೊವೆಲ್ ಟೌನ್‌ಶಿಪ್, ಸಾವಿರ ಎಕರೆಗೂ ಮೀರಿದ ಪ್ರಸ್ತಾವ ಎದುರಾದಾಗ, 2025ರ ನವೆಂಬರ್‌ನಲ್ಲಿ ಡೇಟಾ ಸೆಂಟರ್‌ಗಳ ಅರ್ಜಿಗಳಿಗೆ ಆರು ತಿಂಗಳ ತಾತ್ಕಾಲಿಕ ತಡೆ ಹಾಕಿತು. ಮರುತಿಂಗಳು ಆ ಅರ್ಜಿಯನ್ನು ಹಿಂದಕ್ಕೆ ಪಡೆಯಲಾಯಿತು. ತಡೆಯಿಂದ ಯೋಜನೆಗಳು ಶಾಶ್ವತವಾಗಿ ನಿಲ್ಲುವುದಿಲ್ಲ. ಆ ತಿಂಗಳುಗಳಲ್ಲಿ ಡೇಟಾ ಸೆಂಟರ್ ಎಲ್ಲಿ ಬರಬಹುದು, ಮನೆಗಳಿಂದ ಎಷ್ಟು ದೂರ ಇರಬೇಕು, ಸದ್ದು ಎಷ್ಟಿರಬಹುದು, ಬಾವಿಗಳ ನೀರನ್ನು ಯಾರು ಪರೀಕ್ಷಿಸಬೇಕು ಎಂಬುದನ್ನು ಮಂಡಳಿ ನಿಯಮವಾಗಿ ಬರೆದಿಟ್ಟರೆ, 207ನೇ ಕಲಂ ಹಿಡಿದು ಬರುವವರ ಮುಂದೆ ಇಡಲು ಅದರ ಬಳಿ ಒಂದು ದಾಖಲೆ ಇರುತ್ತದೆ. ಬರೆಯದೆ ಅವಧಿ ಮುಗಿದರೆ, ಮುಂದಿನ ಅರ್ಜಿ ಬಂದ ದಿನ ಅದು ಸಲೀನ್ ಮಂಡಳಿ ನಿಂತಿದ್ದ ಜಾಗದಲ್ಲೇ ನಿಲ್ಲಬೇಕಾಗುತ್ತದೆ.